ಮೊದಲ ಪೆಟ್ಟು ಬಿಟ್ಟು ಹಾಡುವ ಲಾಲ್‌ಸಾಬ

ತುರ್ವಿಹಾಳದಲ್ಲಿ ರೆಗ್ಗಿ ಲಾಲ್‌ಸಾಬನನ್ನು ಒಂದಲ್ಲ ಒಂದು ಕಾಲಕ್ಕೆ ಅನುಮಾನಿಸದವರು ಸಿಗುವುದು ಕಷ್ಟ. ಮೊದಲು ಗಾಂಜಾ ಸೇದುತ್ತಾನೆ ಅಂದರು. ಆಮೇಲೆ ಗಂಗಾವತಿ ಕಡೆ ಇನ್ನೊಂದು ಸಂಸಾರ ಇಟ್ಟಿದ್ದಾನೆ ಅಂದರು. ಅರವತ್ತೈದು ದಾಟಿದ ಮೇಲೆ, ಊರಿನ ಹಾಡನ್ನು ಕದ್ದು, ಎದುರು ಹಾಡುವ ಪಾಮನಕಲ್ಲೂರಿನವರಿಗೆ ಕೊಡುತ್ತಾನೆ ಅಂದರು. ಮೊದಲಿನ ಎರಡು ಅನುಮಾನಗಳು ತಾವಾಗಿಯೇ ಸವೆದು ಹೋದವು. ಮೂರನೆಯದು ಅವನನ್ನು ಊರಿನ ಹಾಡಿನ ಮೇಳದ ಮುಂದಿನ ಜಾಗದಿಂದ ಇಳಿಸಿತು.

"ನಾನೂ ಅನುಮಾನ ಪಟ್ಟೀನಿ," ಎನ್ನುತ್ತಾಳೆ ಅವನ ಹೆಂಡತಿ ಇಮಾಮ್‌ಬೀ. "ಸಂತಿಗೆ ಕಳಿಸಿದ್ರ ಹುಳಕ ಬದ್ನಿಕಾಯೇ ಆರಿಸ್ಕೊಂಡು ಬರ್ತಾರ. ಬೇಕಂತನ ತರ್ತಾರೋ ಕಣ್ಣು ಕಾಣಂಗಿಲ್ಲೋ, ಇವತ್ತಿಗೂ ಗೊತ್ತಾಗವಲ್ದು. ಆದ್ರ ಹಾಡಿನಾಗ ಅನುಮಾನ ಪಟ್ಟಿಲ್ಲ ತಮ್ಮ."

ಲಾಲ್‌ಸಾಬ ಹುಟ್ಟಿದ್ದು ಪಿಂಜಾರರ ಮನೆಯಲ್ಲಿ. ಅಪ್ಪ ಹೆಗಲ ಮೇಲೆ ದೊಡ್ಡ ಬಿಲ್ಲು ಹೊತ್ತು ಊರೂರು ತಿರುಗಿ ಗಾದಿಯ ಹತ್ತಿ ಪಿಂಜುತ್ತಿದ್ದ. ಬಿಲ್ಲಿನ ತಂತಿ ಮಿಡಿಯುವ ಸದ್ದಿಗೆ ಕಾಲು ಕುಣಿಸುತ್ತ ಕೂತ ಮಗನನ್ನು ನೋಡಿ, ಇವನು ಕೆಲಸಕ್ಕೆ ಬರುವವನಲ್ಲ ಎಂದು ಅಪ್ಪನಿಗೆ ಆಗಲೇ ಗುಮಾನಿ ಬಂದಿತ್ತಂತೆ. ಹತ್ತಿಯ ಧೂಳಿನಲ್ಲಿ ಬೆಳೆದ ಹುಡುಗನಿಗೆ ಗಂಟಲು ಮಾತ್ರ ಸ್ವಚ್ಛವಾಗಿತ್ತು. ಮೀಸೆ ಬರುವ ಮುಂಚೆಯೇ ಊರಿನ ರಿವಾಯತ್ ಮೇಳದ ಹಿಂದಿನ ಸಾಲಿಗೆ ಸೇರಿದ.

ರಿವಾಯತ್ ಎಂದರೆ ನಮ್ಮ ಕಡೆ ಮೊಹರಂ ಹಬ್ಬಕ್ಕೆ ಹಾಡುವ ಪದ. ಕರ್ಬಲದ ಕಾಳಗದ ಕಥೆ ಅದರ ಮೂಲ. ಆದರೆ ಹಾಡುವವರು ನಮ್ಮವರಾದ್ದರಿಂದ ಅದರೊಳಗೆ ಜೋಳ, ಕುರಿ, ಕಾಲುವೆ ಎಲ್ಲವೂ ಬರುತ್ತವೆ. ಪಂಜಾ ದೇವರು ಕೂರುವ ಮಸೂತಿಯ ಮುಂದೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಅದಕ್ಕೆ ಅಲಾಯಿ ಕುಣಿ ಎನ್ನುತ್ತೇವೆ. ಅದರ ಸುತ್ತ ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು ಹೆಜ್ಜೆ ಹಾಕುತ್ತ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೇ ಹೆಚ್ಚು. ನಮ್ಮ ಮೇಳದ ಹಿರಿಯ ಮೈಲಾರಲಿಂಗಪ್ಪ ಹಬ್ಬದ ಹತ್ತು ದಿನ ಚಪ್ಪಲಿ ಮೆಟ್ಟುವುದಿಲ್ಲ.

ಮೂವತ್ತರ ಹೊತ್ತಿಗೆ ಲಾಲ್‌ಸಾಬ ನಾಟಿಯ ಕೂಲಿಗೆಂದು ಗಂಗಾವತಿ ಕಡೆ ಹೋದ. ನಾಟಿ ಮುಗಿದು ಜೊತೆಯವರು ಊರಿಗೆ ಬಂದರೂ ಇವನು ಬರಲಿಲ್ಲ. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿ, ಪರದೇಶದವರು ಇಳಿದುಕೊಳ್ಳುವ ಗುಡಿಸಲ ಹೊಟೇಲಿನಲ್ಲಿ ಪಾತ್ರೆ ತೊಳೆಯಲು ನಿಂತಿದ್ದ. ಅಲ್ಲಿ ಟೇಪಿನಲ್ಲಿ ಬೆಳಗಿನಿಂದ ಒಂದೇ ನಮೂನೆಯ ಹಾಡು ಹಾಕುತ್ತಿದ್ದರು. ದಪ್ಪ ತಂತಿಯ ಸದ್ದು ಎದೆಗೆ ಬಂದು ಗುದ್ದುತ್ತಿತ್ತು. ಗಿಟಾರು ಮಾತ್ರ ಎಲ್ಲರೂ ಕಾಲಿಡುವ ಕಡೆ ಕಾಲಿಡದೆ, ಸಂದಿಯಲ್ಲಿ ಬಂದು ಹೋಗುತ್ತಿತ್ತು.

"ಇದೇನ್ ಹಾಡ್ರಿ?" ಎಂದು ಹೊಟೇಲಿನವನನ್ನು ಕೇಳಿದ.

"ರೆಗೇ ಅಂತಾರ. ಜಟಾ ಬಿಟ್ಟವ್ರು ಹಾಡೋದು."

"ಫಕೀರ್ರೇನು?"

"ಅಂಥವ್ರ ಅಂತ ತಿಳ್ಕೊ. ತಾಟು ತೊಳಿ ಮೊದ್ಲ."

ಮಾತು ತಿಳಿಯದಿದ್ದರೂ ಅದು ಕೂಲಿಯವರ ಹಾಡು ಎಂದು ತನಗೆ ತಿಳಿಯುತ್ತಿತ್ತು ಎಂದು ಲಾಲ್‌ಸಾಬ ಈಗಲೂ ಹೇಳುತ್ತಾನೆ. ಹೇಗೆ ತಿಳಿಯಿತು ಎಂದು ಕೇಳಿದರೆ, "ಸಾವ್ಕಾರ್ರು ಅಷ್ಟು ಸಾವಕಾಶ ಹಾಡಂಗಿಲ್ಲ" ಎನ್ನುತ್ತಾನೆ.

ಅಲ್ಲೇ ಹೊಳೆದಂಡೆಗೆ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬನ ಸ್ನೇಹವಾಯಿತು. ಪಾಮನಕಲ್ಲೂರಿನವನು, ಅಲ್ಲಿನ ಮೇಳದಲ್ಲಿ ಹಲಗೆ ಬಾರಿಸುವವನು. ಇಬ್ಬರೂ ಬಂಡೆಯ ಮೇಲೆ ಕೂತು ಆ ಹಾಡಿನ ಗುಟ್ಟು ಹುಡುಕಿದರು. ಹಲಗೆಯವನು ಮೊದಲ ಪೆಟ್ಟನ್ನು ಗಟ್ಟಿಯಾಗಿ ಹಾಕುವುದು, ಹಾಡುವವನು ಆ ಪೆಟ್ಟು ತನ್ನದಲ್ಲವೆಂಬಂತೆ ಬಿಟ್ಟುಕೊಟ್ಟು ಅದರ ಬೆನ್ನಿಗೆ ಬಾಯಿ ತೆರೆಯುವುದು. ಕುರಿಗಳ ಮುಂದೆಯೇ ಅದನ್ನು ಕಲಿತರು. "ಕುರಿ ತೆಲಿ ಅಲ್ಲಾಡಿಸಿದ್ವು, ಆಗ ಗೊತ್ತಾತು ಕೂಡ್ಯದ ಅಂತ" ಎನ್ನುತ್ತಾನೆ ಲಾಲ್‌ಸಾಬ. ಆ ಕುರಿಯವನ ಮಗನೇ ಮುಂದೆ ಪಾಮನಕಲ್ಲೂರು ಮೇಳದ ಮುಂದಾಳಾದ ದುರುಗೇಶ. ಈ ಸ್ನೇಹದ ಸಂಗತಿ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಾಲ್‌ಸಾಬ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಗಂಟುಗಂಟಾದ ಉದ್ದ ಕೂದಲು ಬಿಟ್ಟುಕೊಂಡು ಊರಿಗೆ ಬಂದಾಗ ಜನ ಮೊದಲು ಅವನ ಕಣ್ಣು ಕೆಂಪಗಿವೆಯೇ ಎಂದು ನೋಡಿದರು. ಆ ವರ್ಷ ಮೊಹರಂನಲ್ಲಿ ಒಂದು ನುಡಿ ಹಾಡಲು ಅವಕಾಶ ಸಿಕ್ಕಿತು. ಹಲಗೆಯ ಮೊದಲ ಪೆಟ್ಟು ಬಿದ್ದಿತು, ಇವನು ಸುಮ್ಮನಿದ್ದ. ಆಗಿನ ಹಿರಿಯ ಹಾಡುಗಾರ, "ಪೆಟ್ಟು ತಪ್ಪಿದೆಲ್ಲೋ, ಏನ್ ಸೇದಿ ಬಂದೀಯಲೇ?" ಎಂದು ಎಲ್ಲರ ಮುಂದೆ ಗದರಿದ. ಎರಡನೆಯ ಸುತ್ತಿನಲ್ಲೂ ಇವನು ಹಾಗೆಯೇ ಬಿಟ್ಟ. ಮೂರನೆಯ ಸುತ್ತಿಗೆ ಜನರ ಕಾಲುಗಳು ತಾವೇ ಕಾಯತೊಡಗಿದ್ದವು. ಬಿಟ್ಟ ಜಾಗದಲ್ಲಿ ಗೆಜ್ಜೆಗಳು ತಡೆದು, ಒಮ್ಮೆಗೇ ಜಲ್ಲೆಂದವು. ಅವತ್ತಿನಿಂದ ಅವನು ರೆಗ್ಗಿ ಲಾಲ್‌ಸಾಬ. ಹಾಗೆಂದರೆ ಗಾಂಜಾದ ಇನ್ನೊಂದು ಹೆಸರು ಎಂದು ತಿಳಿದವರು ಬಹಳ ವರ್ಷ ಇದ್ದರು.

ಸಿಂಧನೂರಿನ ಕ್ಯಾಸೆಟ್ ಅಂಗಡಿಯವನೊಬ್ಬ ಅವನಿಂದ ಹಾಡಿಸಿ ಕ್ಯಾಸೆಟ್ ಹೊರತಂದ. ಕಾಲುವೆಯ ಕೊನೆಯಲ್ಲಿರುವವನ ಹೊಲಕ್ಕೆ ನೀರು ಬರುವ ಮುಂಚೆ ನೀರಿನ ಸುದ್ದಿ ಮಾತ್ರ ಬರುತ್ತದೆ ಎಂಬ ಅವನ ಪದ ಟ್ರ್ಯಾಕ್ಟರುಗಳಲ್ಲೆಲ್ಲ ಕೇಳುತ್ತಿತ್ತು. ಮಸ್ಕಿಯ ಮದುವೆಗಳಿಗೆ ಕರೆದರು. ಹಟ್ಟಿಯ ಗಣಿ ಕೆಲಸಗಾರರ ಓಣಿಯಲ್ಲಿ ಹಾಡಿದಾಗ ಜನ ಬೆಳಗಿನ ಪಾಳಿಗೆ ಹೋಗುವುದನ್ನೇ ಮರೆತರಂತೆ. ಲಿಂಗಸುಗೂರಿನಲ್ಲಿ ಒಂದು ಮದುವೆಯವರು ಮಾತ್ರ ಅವನ ಕೂದಲು ನೋಡಿ ಹಂದರದ ಹೊರಗೇ ನಿಲ್ಲಿಸಿದರು. ಅವನು ಹೊರಗೇ ನಿಂತು ಹಾಡಿದ. ಉಂಡವರೆಲ್ಲ ಹೊರಗೆ ಬಂದು ಕೇಳಿದರು, ಹಂದರದೊಳಗೆ ಮದುಮಕ್ಕಳಿಬ್ಬರೇ ಉಳಿದರು.

ಆಮೇಲೆ ಡೀಜೆ ಬಂದಿತು. ಮದುವೆಗೆ ಹಾಡುವ ಮನುಷ್ಯ ಬೇಡವಾದ. ಕ್ಯಾಸೆಟ್ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತು. ಲಾಲ್‌ಸಾಬ ಅಕ್ಕಿ ಗಿರಣಿಯ ಹಮಾಲಿಗೆ ಹೋಗಿ, ಸೊಂಟ ಹಿಡಿದ ಮೇಲೆ ಅದನ್ನೂ ಬಿಟ್ಟ. ಉಳಿದದ್ದು ವರ್ಷಕ್ಕೊಮ್ಮೆ ಬರುವ ಮೊಹರಂ, ಮೇಳದ ಮುಂದಿನ ಜಾಗ. ಅವನು ಹಾಡುಗಾರ ಎಂದು ಹೇಳಿಕೊಳ್ಳಲು ಅದೊಂದೇ ಇತ್ತು.

ನಮ್ಮ ಮೊಹರಂಗೆ ಪಾಮನಕಲ್ಲೂರಿನ ಮೇಳ ಬರುವುದು ಹಳೆಯ ವಾಡಿಕೆ. ಹತ್ತನೆಯ ದಿನ ಮಧ್ಯಾಹ್ನ, ದೇವರನ್ನು ಹಳ್ಳಕ್ಕೆ ಕಳಿಸುವ ಮುಂಚೆ, ನಮ್ಮ ಮೇಳ ಹಾಡಿನಲ್ಲಿ ಒಂದು ಸವಾಲು ಹಾಕುತ್ತದೆ. ನಮ್ಮವರು ಕುಣಿಯನ್ನು ಸುತ್ತಿ ಬರುವಷ್ಟರಲ್ಲಿ ಅವರು ಹಾಡಿನಲ್ಲೇ ಜವಾಬು ಕೊಡಬೇಕು. ಕೊಟ್ಟರೆ ಅವರಿಗೆ ನಾವು ಚೋಂಗೆ ಮಾಡಿ ಉಣಿಸಬೇಕು. ಚೋಂಗೆ ಅಂದರೆ ಗೋಧಿ ಬೆಲ್ಲದ ಸಿಹಿ ರೊಟ್ಟಿ. ಕೊಡದಿದ್ದರೆ ಅವರು ಗೆಜ್ಜೆ ಬಿಚ್ಚಿ ಕುಣಿಯ ದಂಡೆಗಿಟ್ಟು ಹೋಗಬೇಕು. ಗೆಜ್ಜೆ ಬಿಚ್ಚಿದ ಮೇಳ ಮತ್ತೆ ಆ ಊರಿಗೆ ಬರುವಂತಿಲ್ಲ. ಸತತ ಮೂರು ವರ್ಷ ಜವಾಬು ಕೊಟ್ಟರೆ, ನಾಲ್ಕನೆಯ ವರ್ಷ ಸವಾಲು ಹಾಕುವ ಹಕ್ಕು ಅವರದಾಗುತ್ತದೆ.

ದುರುಗೇಶನ ಅಪ್ಪ ತೀರಿಕೊಂಡ ಮೇಲೆ ಪಾಮನಕಲ್ಲೂರಿನ ಮೇಳ ಸೊರಗಿತ್ತು. ಅವರನ್ನು ಕರೆಯುವ ಊರು ನಮ್ಮದೊಂದೇ ಉಳಿದಿತ್ತು. ಇನ್ನೇನು ಗೆಜ್ಜೆ ಬಿಚ್ಚುತ್ತಾರೆ ಎಂದು ನಮ್ಮವರು ಕಾದಿದ್ದರೆ, ಅವರು ಎರಡು ವರ್ಷ ಸತತ, ನಮ್ಮವರು ಅರ್ಧ ಸುತ್ತು ಹಾಕುವುದರೊಳಗೆ ಜವಾಬು ಹಾಡಿ ಮುಗಿಸಿದರು. ಸವಾಲು ಕೇಳಿ ಯೋಚಿಸಿದಂತೆಯೂ ಕಾಣಲಿಲ್ಲ.

"ಎರಡು ವರ್ಷ ಕುಂತು ಚೋಂಗೆ ತಿಂದು ಹೋದ್ರು," ಎಂದು ಮೈಲಾರಲಿಂಗಪ್ಪ ಹೊಟೇಲಿನ ಬೆಂಚಿನ ಮೇಲೆ ಕೂತು ಹಲ್ಲು ಕಡಿದ. "ನಮ್ಮ ಮನ್ಯಾಗಿನ ಮಾತು ಅವರ ಊರಿಗೆ ಹೋಗಾಕತ್ತೈತಿ. ಒಯ್ಯೋ ಕಾಲು ಯಾವ್ದು ಅಂತ ಹುಡುಕ್ಬೇಕು."

ಹುಲಿಗೇಶನಿಗೆ ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಇವನು ಮೇಳದ ಎರಡನೆಯ ಹಾಡುಗಾರ. ಸಿಂಧನೂರಿಗೂ ನಮ್ಮೂರಿಗೂ ಆಟೋ ಓಡಿಸುತ್ತಾನೆ. ದನಿ ಚೆನ್ನಾಗಿದೆ, ಮುಂದಿನ ಜಾಗದ ಆಸೆಯೂ ಇದೆ. "ಲಾಲ್ ಕಾಕಾ ತಿಂಗಳಿಗೆರಡು ಸಲ ಹಲ್ಲು ತೋರಿಸ್ಕ್ಯಂಡು ಬರ್ತೀನಂತ ಸಿಂಧನೂರಿಗೆ ಹೊಕ್ಕಾನ," ಎಂದ. "ಬಾಯಾಗ ನಾಕು ಹಲ್ಲದಾವ. ಅಷ್ಟು ತೋರ್ಸಾಕ ಏನೈತಿ?"

ಆ ಮಾತು ಊರಿಗೆಲ್ಲ ಹಬ್ಬಿತು. ಲಾಲ್‌ಸಾಬ ನಕ್ಕರೆ ಜನ ಈಗ ಅವನ ಹಲ್ಲು ಎಣಿಸುತ್ತಿದ್ದರು. ಊರಿನ ಹಾಡುಗಾರರ ಕಥೆ ಬರೆದಿಡಲು ಹೊರಟಿದ್ದ ನನಗೂ ಅವನ ಮೇಲೆ ಗುಮಾನಿ ಬಂದಿತ್ತು. ಕೂಲಿಯವನ ಪರ ಹಾಡುವ ಮನುಷ್ಯ ಊರಿಗೆ ಎರಡು ಬಗೆಯುತ್ತಾನೆಂದರೆ, ಓದಿದವನಿಗೆ ಅದು ಇನ್ನೂ ದೊಡ್ಡ ಸುದ್ದಿಯಾಗಿ ಕಾಣುತ್ತದೆ.

ಮೂರನೆಯ ವರ್ಷದ ಮೊಹರಂ ಬಂದಿತು. ಕುಣಿಗೆ ಗುದ್ದಲಿ ಹಾಕಿದ ದಿನ ಮೈಲಾರಲಿಂಗಪ್ಪ ಮಸೂತಿಯ ಕಟ್ಟೆಯ ಮೇಲೆ ಎಲ್ಲರ ಮುಂದೆ ಲಾಲ್‌ಸಾಬನಿಗೆ ಹೇಳಿದ.

"ಲಾಲ್ಯಾ, ಈ ಸಲ ಸವಾಲು ನೀನ ಕಟ್ಟು. ಜವಾಬು ನಮಗ ಯಾರಿಗೂ ಹೇಳಬ್ಯಾಡ. ಮುಜಾವರನ ಕಿವ್ಯಾಗ ಒಂದು ಹೇಳಿಡು, ಸಾಕು."

ಮುಜಾವರ ಬಂದೇಸಾಬ ದೇವರ ಪೂಜೆ ನೋಡಿಕೊಳ್ಳುವ ಮುದುಕ. ಹಬ್ಬ ಮುಗಿಯುವವರೆಗೆ ಮಸೂತಿ ಬಿಟ್ಟು ಕದಲುವುದಿಲ್ಲ, ಫೋನು ಇಟ್ಟುಕೊಂಡವನಲ್ಲ. ಅವನ ಮೇಲೆ ಯಾರಿಗೂ ಸಂಶಯವಿಲ್ಲ. ಅಂದರೆ ಈ ಸಲ ಪಾಮನಕಲ್ಲೂರಿನವರು ಜವಾಬು ಹೇಳಿದರೆ, ಹೇಳಿಕೊಟ್ಟವನು ಲಾಲ್‌ಸಾಬನೇ. ಇದು ಬಲೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲಾಲ್‌ಸಾಬನಿಗೂ ಗೊತ್ತಾಯಿತು.

"ಲಿಂಗಪ್ಪಣ್ಣ, ಇಲಿ ಹಿಡಿಯಾಕ ಬೋನು ಇಟ್ಟಂಗ ಐತಲ್ಲ ಇದು?"

"ಇಲಿ ಇಲ್ಲಂದ್ರ ಬೋನಿಗ್ಯಾಕ ಅಂಜಬೇಕು?"

ಲಾಲ್‌ಸಾಬ ಎದ್ದು ಒಳಗೆ ಹೋದ. ಬಂದೇಸಾಬನ ಕಿವಿಯ ಬಳಿ ಬಾಯಿಟ್ಟು ಹಾಡಿದ. ಮುದುಕ ಕಣ್ಣು ಮುಚ್ಚಿ ಕೇಳಿದ. ಕೇಳಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ.

ಹಬ್ಬದ ನಡುವೆ ಒಂದು ದಿನ ಲಾಲ್‌ಸಾಬ ಮತ್ತೆ ಹಲ್ಲಿನ ನೆಪ ಹೇಳಿ ಸಿಂಧನೂರು ಬಸ್ಸು ಹತ್ತಿದ. ಹುಲಿಗೇಶ ಆಟೋ ಬಿಟ್ಟು ಕರೋನಾ ಕಾಲದ ಮಾಸ್ಕು ಹಾಕಿಕೊಂಡು ಹಿಂದೆ ಹೊರಟ. ಸಿಂಧನೂರಿನಲ್ಲಿ ಲಾಲ್‌ಸಾಬ ದವಾಖಾನೆಯ ದಾರಿ ಹಿಡಿಯದೆ ಲಿಂಗಸುಗೂರು ಬಸ್ಸು ಹತ್ತಿದ. ಇವನೂ ಹತ್ತಿ ಹಿಂದಿನ ಸೀಟಿನಲ್ಲಿ ಮುದುಡಿ ಕೂತ. ಕಂಡಕ್ಟರ್ ಬಂದಾಗ ಮಸ್ಕಿಗೆ ಎಂದು ದುಡ್ಡು ತೆಗೆದರೆ, "ನಿಂದು ಆ ಅಜ್ಜ ತಗಸ್ಯಾನ" ಎಂದ ಕಂಡಕ್ಟರ್. ಲಾಲ್‌ಸಾಬ ತಿರುಗಿಯೂ ನೋಡಲಿಲ್ಲ. ಈ ಟಿಕೆಟ್ಟಿನ ಸಂಗತಿಯನ್ನು ಹುಲಿಗೇಶ ಆಗ ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಹೇಳಿದ್ದು ಉಳಿದದ್ದನ್ನು. "ಮಸ್ಕ್ಯಾಗ ಚಹಾದಂಗಡ್ಯಾಗ ದುರುಗೇಶ ಬಂದು ಕುಂತಿದ್ದ. ನಾ ಬಾಳೆಹಣ್ಣಿನ ಬಂಡಿ ಮರಿಗೆ ನಿಂತು ನೋಡೀನಿ."

"ಏನ್ ಮಾತಾಡಿದ್ರು?" ಎಂದ ಮೈಲಾರಲಿಂಗಪ್ಪ.

"ಮಾತು ನನಗ ಕೇಳಸಲಿಲ್ಲ. ಕಾಕಾ ಟೇಬಲ್ ಮ್ಯಾಲೆ ಬೆರಳಿಲೆ ಬಡದ. ಅಂವ ನೋಡಿದ. ತಿರುಗಿ ಅಂವ ಬಡದ. ಕಾಕಾ ತಲಿ ಅಲ್ಲಾಡಿಸಿದ."

"ಬೆರಳಾಗ ಹೇಳಿಕೊಟ್ನೇನಲೇ ಜವಾಬು?"

"ಪೊಲೀಸ್ರ ವೈರ್‌ಲೆಸ್ಸಿನಂಗ ಇರ್ತಾವಂತ, ಅಂಥಾವು."

ನಗಬೇಕಾದ ಮಾತು. ಆದರೆ ಬೆಂಚಿನ ಮೇಲಿದ್ದವರಲ್ಲಿ ಯಾರೂ ನಗಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಬಿಸಿಲು ಚುರುಗುಡುತ್ತಿತ್ತು. ಕುಣಿಯ ಆಚೆ ಪಾಮನಕಲ್ಲೂರಿನ ಮೇಳ ನಿಂತಿತು. ಅರ್ಧ ಮಂದಿ ಹೊಸಬರು, ಎರವಲು ಗೆಜ್ಜೆ. ಈಚೆ ನಮ್ಮವರು. ಮಸೂತಿಯ ಬಾಗಿಲಲ್ಲಿ ಬಂದೇಸಾಬ ನವಿಲುಗರಿಯ ಬೀಸಣಿಗೆ ಹಿಡಿದು ಕೂತಿದ್ದ. ಮೈಲಾರಲಿಂಗಪ್ಪ ಹಲಗೆಗೆ ಮೊದಲ ಪೆಟ್ಟು ಹಾಕಿದ. ಅದನ್ನು ಬಿಟ್ಟು ಲಾಲ್‌ಸಾಬ ದನಿ ತೆಗೆದ.

ಹೊಳಿಯ ದಂಡಿಗೆ ಬಂದೀತೋ ಕುದುರಿ
ಬಾಯಿ ಒಣಗೀತೋ ಬಿಸಿಲಿನ ಉರಿ
ನೀರು ಮುಟ್ಟದಲೆ ಸರಿದು ನಿಂತೀತೋ
ಯಾಕಂತ ಹೇಳೋ ಜಾಣರ ಮರಿ

ನಮ್ಮವರು ಹಿಂದಿನ ಸೊಲ್ಲು ಹಿಡಿದು ಕುಣಿ ಸುತ್ತತೊಡಗಿದರು. ಈ ಸಲ ಪಾಮನಕಲ್ಲೂರಿನವರು ಒಡನೆಯೇ ಹಾಡಲಿಲ್ಲ. ಒಬ್ಬರ ಕಿವಿಗೆ ಒಬ್ಬರು ಬಾಗಿದರು. ಒಬ್ಬ ಆಗಲೇ ಕುಕ್ಕರಗಾಲಲ್ಲಿ ಕೂತು ಗೆಜ್ಜೆಯ ಹುರಿ ಮುಟ್ಟಿ ನೋಡಿಕೊಂಡ. ಸುತ್ತು ಮುಗಿಯಲು ಬಂದಾಗ ದುರುಗೇಶ ಹಲಗೆಯವನಿಗೆ ಕೈ ಮಾಡಿದ. ಪೆಟ್ಟು ಬಿತ್ತು. ದುರುಗೇಶ ಅದನ್ನು ಬಿಟ್ಟು, ಲಾಲ್‌ಸಾಬ ಬಿಡುವಷ್ಟೇ ಬಿಟ್ಟು, ಹಾಡಿದ.

ಒಡಿಯ ಕುಡಿಲಿಲ್ಲ ಒಂದು ಹನಿಯ
ಮಕ್ಕಳ ನೆನೆದು ತಡೆದಾನೋ ಕೈಯ
ಒಡಿಯ ಬಿಟ್ಟ ನೀರು ಮುಟ್ಟೀತು ಹ್ಯಾಂಗ
ಅವನ ಉಪ್ಪುಂಡ ಕುದುರಿಯ ಬಾಯ

ಜನರಲ್ಲಿ ಗುಜುಗುಜು ಎದ್ದಿತು. ಆ ಪೆಟ್ಟು ಬಿಡುವುದು ಲಾಲ್‌ಸಾಬನೊಬ್ಬನ ವಿದ್ಯೆ, ಎದುರಿಗೆ ಕೂರಿಸಿಕೊಂಡು ಹೇಳಿಕೊಡದೆ ಬರುವುದಲ್ಲ. ಮಸ್ಕಿಯ ಟೇಬಲ್ಲಿನ ಮೇಲಿನ ಬೆರಳುಗಳ ಅರ್ಥ ಈಗ ಎಲ್ಲರಿಗೂ ಆಯಿತು.

ಜವಾಬು ಸರಿಯೋ ತಪ್ಪೋ ಎಂದು ಸವಾಲು ಕಟ್ಟಿದವನೇ ಹೇಳಬೇಕು. ತಪ್ಪು ಎಂದರೆ ಪಾಮನಕಲ್ಲೂರಿನವರ ಗೆಜ್ಜೆ ಹೋಗುತ್ತದೆ, ಅಲ್ಲಿಗೆ ಆ ಮೇಳ ಮುಗಿಯಿತು. ಸರಿ ಎಂದರೆ ಹೇಳಿಕೊಟ್ಟ ಕಳ್ಳ ಲಾಲ್‌ಸಾಬನೇ ಎಂದಾಗುತ್ತದೆ, ಅವನ ಜಾಗ ಹೋಗುತ್ತದೆ. ಲಾಲ್‌ಸಾಬ ಕರವಸ್ತ್ರದಿಂದ ಮುಖ ಒರೆಸಿಕೊಂಡ. ಹುರಿ ಮುಟ್ಟುತ್ತ ಕೂತವನ ಕಡೆ ನೋಡಿದ.

"ಬರೋಬರಿ ಐತಿ," ಎಂದ. "ಅದ ಜವಾಬು."

ಬಂದೇಸಾಬನ ಕೈಯಲ್ಲಿ ಬೀಸಣಿಗೆ ಒಂದು ಕ್ಷಣ ನಿಂತಿತು. ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ಹುಲಿಗೇಶ ಆಗಲೇ ಕೂಗಿದ್ದ.

"ಸಿಕ್ಕ ನೋಡ್ರಿ! ನಾ ಹೇಳಿದ್ದಿಲ್ಲೇನು?"

"ಊರಿನ ಉಪ್ಪು ತಿಂದು ಹಿಂಗ ಮಾಡ್ತೀಯೇನೋ ಲಾಲ್ಯಾ?" ಮೈಲಾರಲಿಂಗಪ್ಪ ಹಲಗೆ ಕೆಳಗಿಟ್ಟ. "ಬಿಚ್ಚು ಗೆಜ್ಜಿ."

ನಾನು ಅಲ್ಲೇ ನಿಂತಿದ್ದೆ. ಕರ್ಬಲದಲ್ಲಿ ಒಡೆಯ ಕುಡಿಯದಿದ್ದಕ್ಕೆ ಕುದುರೆ ಕುಡಿಯಲಿಲ್ಲ ಎಂಬುದು ಎಲ್ಲ ಊರಿನವರೂ ಹೇಳುವ ಮಾತು, ಯಾರು ಬೇಕಾದರೂ ಊಹಿಸಬಹುದಲ್ಲ ಎಂದೆ. ಮೈಲಾರಲಿಂಗಪ್ಪನ ಬಳಿ ಅದಕ್ಕೂ ಉತ್ತರವಿತ್ತು.

"ಅಷ್ಟು ಹಗುರ ಜವಾಬು ಯಾಕ ಇಟ್ಟ ಅಂತೀ? ಅವರಿಗೆ ಸಿಗಲಿ ಅಂತನ ಇಟ್ಟಾನ. ಓದಿದ್ರ ಇಷ್ಟೂ ತಿಳಿಯಂಗಿಲ್ಲೇನು ನಿಮಗ?"

ಲಾಲ್‌ಸಾಬ ಕೂತು ಗೆಜ್ಜೆ ಬಿಚ್ಚಿದ. ಸೊಂಟ ಬಾಗದ್ದರಿಂದ ಒಂದು ಕಾಲಿನ ಗಂಟು ಬಿಚ್ಚಲಾಗಲಿಲ್ಲ. ಕುಣಿ ದಾಟಿ ಬಂದ ದುರುಗೇಶ ಅದನ್ನು ಬಿಚ್ಚಿಕೊಟ್ಟ. ಅದೂ ಊರವರ ಕಣ್ಣಿಗೆ ಸಾಕ್ಷಿಯಾಗಿಯೇ ಕಂಡಿತು. ಪಾಮನಕಲ್ಲೂರಿನವರು ಮೂರನೆಯ ವರ್ಷವೂ ಚೋಂಗೆ ಉಂಡರು. ಸಿಹಿ ಕಡಿಮೆಯಿತ್ತು, ಮಾಡಿದವರ ಸಿಟ್ಟು ಬೆಲ್ಲದ ಮೇಲೆ ತೀರಿತ್ತು.

ಹಬ್ಬ ಕಳೆದ ಮೇ‌ಲೆ ನಾನು ಲಾಲ್‌ಸಾಬನ ಮನೆಗೆ ಹೋದೆ. ಅವನು ಇರಲಿಲ್ಲ. ಇಮಾಮ್‌ಬೀ ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕುಕ್ಕಿದಳು.

"ಬಾ, ನೀನೂ ಹಲ್ಲು ಎಣಿಸಾಕ ಬಂದೀಯೇನು?"

"ಇಲ್ಲ ಚಿಗವ್ವ. ಒಂದು ಮಾತು ಕೇಳಾಕ ಬಂದೀನಿ. ಕಾಕಾ ಜವಾಬು ಹೇಳಿಕೊಟ್ಟದ್ದು ಖರೇನೇನು?"

"ಯಾವ ಜವಾಬು? ಆ ದುರುಗ್ಯಾ ಹಾಡಿದ್ದು ಜವಾಬೇ ಅಲ್ಲ! ತಿಂಗಳಗಟ್ಟಲೆ ಈ ಮನ್ಯಾಗ ನೀರಾಗಿನ ಕುದುರಿ, ನೀರಾಗಿನ ಕುದುರಿ ಅಂತ ಗುನುಗ್ಯಾರ. ನಾ ಅನ್ನಕ್ಕಿಡೋ ನೀರಾಗೂ ಕುದುರಿ ಕಾಣಾಕತ್ತಿತ್ತು. ಕಡಿಗೆ ಸುಳ್ಳು ಹೇಳಿ, ತಾವ ಗೆಜ್ಜಿ ಬಿಚ್ಚಿ ಬಂದಾರ. ಹುಚ್ಚ, ದೊಡ್ಡ ಹುಚ್ಚ!"

ಹೆಂಡತಿ ಗಂಡನನ್ನು ಕಾಪಾಡಲು ಹೀಗೆ ಹೇಳುತ್ತಿರಬಹುದೇ ಎಂಬ ಸಂಶಯ ನನ್ನನ್ನು ಬಿಡಲಿಲ್ಲ. ಅಲ್ಲಿಂದ ನೇರ ಮಸೂತಿಗೆ ಹೋಗಿ ಬಂದೇಸಾಬನನ್ನು ಕೇಳಿದೆ. ಮುದುಕ ಆ ನುಡಿಯನ್ನು ಹಾಡದೆ, ಮೆಲ್ಲಗೆ ಮಾತಿನಲ್ಲಿ ಹೇಳಿದ.

ನೀರಾಗ ಕಂಡೀತೋ ತನ್ನಂಥ ಕುದುರಿ
ನಾಲಿಗಿ ಒಣಗೀತೋ ಅದಕೂ ಸರಿ
ನೀ ಮೊದಲ ಕುಡಿಯಂತ ಹಿಂದಕ ಸರಿದೀತೋ
ಎರಡೂ ನಿಂತಾವೋ ಬಾಯಾರಿ

ಹೊಳೆಯಲ್ಲಿ ತನ್ನ ನೆರಳನ್ನೇ ಕಂಡ ಕುದುರೆ, ಬಾಯಾರಿದ ಇನ್ನೊಂದು ಕುದುರೆ ನಿಂತಿದೆ ಎಂದು ತಿಳಿದು ನೀರನ್ನು ಅದಕ್ಕೆ ಬಿಟ್ಟಿತು. ಇಂಥ ಜವಾಬನ್ನು ಯಾರೂ ಊಹಿಸುವುದು ಸಾಧ್ಯವಿರಲಿಲ್ಲ. ಲಾಲ್‌ಸಾಬ ಮಾತಿಗೆ ತಪ್ಪದೆ ಅದನ್ನು ಕಾಪಾಡಿದ್ದ.

"ಹಂಗಾದ್ರ ಅವತ್ತು ಹೇಳಬೇಕಿತ್ತಲ್ಲ ಮುತ್ಯಾ? ಸಾಕ್ಷಿ ಅಂತ ನಿಮ್ಮ ಕಿವ್ಯಾಗ ಹೇಳಿಸಿದ್ದು ಅದಕ್ಕ ಅಲ್ಲೇನು?"

"ಯಾರು ಕೇಳಿದ್ರು ನನ್ನ?" ಎಂದ ಬಂದೇಸಾಬ. "ಕಳ್ಳ ಸಿಕ್ಕ ಅಂದ್ರು, ಕುಣಿದ್ರು, ಹೋದ್ರು. ಕೇಳಿದ್ರ ಹೇಳ್ತಿದ್ದೆ. ಕೇಳದಲೆ ಹೇಳಿದ್ರ ಆ ಕಡಿಯವ್ರ ಗೆಜ್ಜಿ ಹೋಗ್ತಿತ್ತು."

ಹಾಗಾದರೆ ಮೊದಲಿನ ಎರಡು ವರ್ಷ? ಅದು ಗೊತ್ತಾದದ್ದು ನಾಟಿಯ ಕಾಲಕ್ಕೆ. ಪಾಮನಕಲ್ಲೂರಿನದು ಮಳೆ ನಂಬಿದ ಬೇಸಾಯ, ಕಾಲುವೆಗೆ ನೀರು ಬಿಟ್ಟರೆ ಅಲ್ಲಿನವರು ನಮ್ಮ ಗದ್ದೆಗಳಿಗೆ ಕೂಲಿಗೆ ಬರುತ್ತಾರೆ. ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ ದುರುಗೇಶನನ್ನು ನೇರವಾಗಿ ಕೇಳಿದೆ. ಅವನು ನಕ್ಕುಬಿಟ್ಟ.

"ನಿಮ್ಮ ಹುಲಿಗೇಶಣ್ಣ ತಾಲೀಮಿನ ಹಾಡೆಲ್ಲಾ ಫೋನಿನ್ಯಾಗ ತುಂಬ್ಕೊಂಡು, ಆಟೋದಾಗ ದೊಡ್ಡ ಬಾಕ್ಸ್ ಹಚ್ಚಿ ಹಾಕ್ತಿದ್ನಲ್ರಿ! ಕೂಲಿಗಂತ ನಾವು ಅದರಾಗ ಸಿಂಧನೂರಿಂದ ಇಲ್ಲಿಗೆ ಬರೋತನಕ ಸವಾಲು, ಜವಾಬು ಎಲ್ಲಾ ಬಾಯಿಪಾಠ ಆಗ್ತಿತ್ತು. ಈ ವರ್ಷದ ಹಾಡಿನ್ಯಾಗ ಸವಾಲು, ಜವಾಬು ಇರ್ಲೇ ಇಲ್ಲ. ನಮ್ಮ ಜೀವಾನ ಹೋಗಿತ್ರಿ."

"ಮಸ್ಕ್ಯಾಗ ಲಾಲ್ ಕಾಕಾ?"

"ಪೆಟ್ಟು ಬಿಡೋದು ಕಲಿಸ್ತಿದ್ರು. ನಮ್ಮಪ್ಪ, ಅವ್ರು ಕೂಡಿ ಮಾಡಿದ್ದಂತ. ಅರ್ಧ ನಿಮ್ಮಪ್ಪಂದು, ನೀ ತಗೊಂಡು ಹೋಗು ಅಂದ್ರು. ಜವಾಬು ಕೇಳಿದ್ದಕ್ಕ ತಲಿ ಅಲ್ಲಾಡಿಸಿದ್ರು ರೀ. ಮತ್ತೊಮ್ಮೆ ಕೇಳಿದ್ರ ಚಹಾದ ಲೋಟ ಎತ್ತಿದ್ರು ಹೊಡಿಯಾಕ."

ನಾನು ಇದನ್ನೆಲ್ಲ ಹೊಟೇಲಿನ ಬೆಂಚಿನ ಬಳಿ ಹೇಳಿದೆ. ಹುಲಿಗೇಶನ ಮುಖ ಕಪ್ಪಿಟ್ಟಿತು. ಬಸ್ಸಿನ ಟಿಕೆಟ್ಟಿನ ಸಂಗತಿ ಅವನ ಬಾಯಿಂದ ಹೊರಬಿದ್ದದ್ದು ಆಗಲೇ. ಅವತ್ತು ಸಂಜೆಯೇ ಆಟೋದ ಬಾಕ್ಸ್ ಕಿತ್ತ. ಆದರೆ ಬೆಂಚಿನವರೆಲ್ಲ ನಂಬಿದರು ಎಂದು ಹೇಳಲಾರೆ. "ಲಾಲ್‌ಸಾಬನ ಇವಂಗ ಹೇಳಿ ಕಳಿಸ್ಯಾನ" ಎಂದು ಒಬ್ಬರು ನನ್ನ ಕೈಯ ಕಾಗದ ಪೆನ್ನನ್ನೇ ಸಂಶಯದಿಂದ ನೋಡಿದರು. ಗೆಜ್ಜೆಯನ್ನು ವಾಪಸು ಕೊಡುವ ಮಾತು ಬರಲಿಲ್ಲ. ಮೇಳದ ಮುಂದೆ ಹುಲಿಗೇಶ ನಿಂತ. ತಾಲೀಮಿನಲ್ಲಿ ಅವನು ಮೊದಲ ಪೆಟ್ಟಿಗೇ ಬಾಯಿ ಹಾಕಿದರೆ, ಮೂವತ್ತು ವರ್ಷ ತಡೆದು ಬಿಡಲು ಕಲಿತ ಹಿಂದಿನ ಸಾಲಿನ ಕಾಲುಗಳು ಮುಂದಕ್ಕೆ ಬರಲಿಲ್ಲ. ಒಬ್ಬರ ಹೆಜ್ಜೆ ಒಬ್ಬರು ತುಳಿದರು.

ಇದು ನಾಲ್ಕನೆಯ ವರ್ಷ. ಸವಾಲು ಹಾಕುವ ಹಕ್ಕು ಪಾಮನಕಲ್ಲೂರಿನದು. ಜವಾಬು ಬರದಿದ್ದರೆ ನಮ್ಮ ಊರಿನಲ್ಲಿ ನಮ್ಮವರೇ ಗೆಜ್ಜೆ ಬಿಚ್ಚಬೇಕು.

ಗುದ್ದಲಿ ಹಾಕುವ ಹಿಂದಿನ ದಿನ ಬೆಳಿಗ್ಗೆ ನಾನು ಲಾಲ್‌ಸಾಬನ ಅಂಗಳದಲ್ಲಿ ಕೂತು ಅವನ ಗಡ್ಡೆಯ ದಿನಗಳ ಮಾತು ಕೇಳುತ್ತಿದ್ದೆ. ಮೈಲಾರಲಿಂಗಪ್ಪ ಬಂದ. ಹೊರಸಿನ ತುದಿಗೆ ಕೂತ. ಕಾಲುವೆಯ ನೀರಿನ ಮಾತು ತೆಗೆದ, ಗೊಬ್ಬರದ ಮಾತು ತೆಗೆದ, ಲಾಲ್‌ಸಾಬನ ಸೊಂಟ ಹೇಗಿದೆ ಎಂದು ವಿಚಾರಿಸಿದ. ಇಮಾಮ್‌ಬೀ ಚಹಾ ತಂದಿಟ್ಟು ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತಳು.

"ಅಲ್ಲೋ ಲಾಲ್ಯಾ," ಎಂದು ಕೊನೆಗೆ ಚಹಾದೊಳಗೆ ನೋಡುತ್ತ ಕೇಳಿದ ಮೈಲಾರಲಿಂಗಪ್ಪ, "ಪಾಮನಕಲ್ಲೂರವ್ರು ಈ ಸಲ ಏನ್ ಸವಾಲು ಕಟ್ಟ್ಯಾರಂತ? ಏನರ ಸುದ್ದಿ ಐತೇನು?"

"ನನಗೇನ್ ಗೊತ್ತಣ್ಣ? ನಾ ಮಸ್ಕಿಗೆ ಹೋಗೋದ ಬಿಟ್ಟೀನಿ."

"ಸುಮ್ನ ಹೇಳಬ್ಯಾಡ. ಒಮ್ಮಿ ಹೋಗಿ ಬಾರಲೇ. ಹಲ್ಲು ತೋರಿಸ್ಕ್ಯಂಡಂಗೂ ಆತು."

ಇಮಾಮ್‌ಬೀ ಬಾಗಿಲಲ್ಲೇ ಸೆರಗು ಬಾಯಿಗೆ ಹಿಡಿದಳು. "ಲಿಂಗಪ್ಪಣ್ಣ, ಇನ್ನ ಎರಡ ಹಲ್ಲು ಉಳಿದಾವ ಇವರಿಗೆ. ಬೇಕಾದ್ರ ಅವನ್ನೂ ಕೊಟ್ಟು ಕಳಿಸ್ತೀನಿ, ನೀವ ತೋರಿಸ್ಕ್ಯಂಡು ಬರ್ರಿ."

ಮೈಲಾರಲಿಂಗಪ್ಪ ನಗಲೂ ಆರದೆ ಸಿಟ್ಟಾಗಲೂ ಆರದೆ ಕೂತ. ಆಮೇಲೆ ಚೀಲದಿಂದ ಗೆಜ್ಜೆ ತೆಗೆದು ಹೊರಸಿನ ಮೇಲೆ ಇಟ್ಟ. ಹೋದ ವರ್ಷ ಬಿಚ್ಚಿಸಿದ್ದವು. ಹುರಿ ಹೊಸದಾಗಿ ಹಾಕಿಸಿದ್ದ.

"ಜವಾಬು ಬರ್ಲಿ ಬಿಡ್ಲಿ," ಎಂದ. "ಹಿಂದಿನ ಸಾಲಿನವ್ರು ಕಾಲೇ ಎತ್ತವಲ್ರು. ಬಂದು ನಿಂದ್ರು."

ಲಾಲ್‌ಸಾಬ ಗೆಜ್ಜೆಯನ್ನು ಮುಟ್ಟಲಿಲ್ಲ. ಅದನ್ನು ಕೊಟ್ಟದ್ದು ಯಾಕೆ, ತನ್ನಿಂದ ಸವಾಲು ತಿಳಿಯಲೆಂದೋ, ಖರೆಯಾಗಿ ಕರೆಯಲೆಂದೋ ಎಂದು ತೂಗಿ ನೋಡುವವನ ಹಾಗೆ ಮೈಲಾರಲಿಂಗಪ್ಪನ ಮುಖವನ್ನೇ ನೋಡಿದ. ಈ ಸಲ ಅನುಮಾನ ಪಡುವ ಸರದಿ ಅವನದಾಗಿತ್ತು.

"ಮುಂದಿನ ಜಾಗ ಹುಲಿಗೇಶಂದ ಇರ್ಲಿ," ಎಂದ. "ನಾ ಹಿಂದಿನ ಸಾಲಿಗೆ ಬರ್ತೀನಿ. ಆದ್ರ ಒಂದು ಮಾತು. ದುರುಗೇಶ ಏನರ ಕೇಳಿದ, ನಮಗ ಬರಲಿಲ್ಲ ಅಂದ್ರ, ಮೊದ್ಲ ಗೆಜ್ಜಿ ಬಿಚ್ಚಾಂವ ನೀನ. ಒಪ್ಪಿದೇನು?"

ಮೈಲಾರಲಿಂಗಪ್ಪ ಗೆಜ್ಜೆಯನ್ನು ಅವನ ಕಡೆ ಸರಿಸಿದ. ಆಮೇಲೆ ಹೊರಸಿನ ಚೌಕಟ್ಟಿನ ಮೇಲೆ ಬೆರಳಿನಿಂದ ಒಂದು ಪೆಟ್ಟು ಹಾಕಿದ. ಲಾಲ್‌ಸಾಬ ಅದನ್ನು ಬಿಟ್ಟ. ಬಿಟ್ಟ ಮೇಲೆ, ಚಹಾದ ಲೋಟ ಕೆಳಗಿಟ್ಟು, ಮೆಲ್ಲಗೆ ದನಿ ತೆಗೆದ.